ಹರಿಗೋಲಿನ ವರ್ಷದ ಲೆಕ್ಕ: ತೂಕ ಹೆಚ್ಚಿತು, ಮೀನು ಸಣ್ಣದಾಯಿತು

ರೋಹಿಣಿ ಮಳೆ ಬೀಳುವ ಮೊದಲೇ ಬೇಸಾಯಗಾರ ಹಿಂದಿನ ವರ್ಷದ ಲೆಕ್ಕವನ್ನು ಮನಸ್ಸಿನಲ್ಲಿ ಹಾಕಿ ಮುಗಿಸಿರುತ್ತಾನೆ. ಯಾವ ಹೊಲಕ್ಕೆ ಎಷ್ಟು ಬೀಜ ಹೋಯಿತು, ಎಕರೆಗೆ ಎಷ್ಟು ಚೀಲ ಬಂತು, ಗೊಬ್ಬರದ ಸಾಲ ಎಷ್ಟು ಉಳಿಯಿತು ಎಂಬುದು ಅವನ ಬಾಯಲ್ಲೇ ಇರುತ್ತದೆ. ಆದರೆ ಅದೇ ರೈತ ಜಲಾಶಯದ ಅಂಚಿನವನಾಗಿದ್ದು, ಸಂಜೆ ಹರಿಗೋಲಿನಲ್ಲಿ ಹೋಗಿ ಬಲೆ ಬಿಟ್ಟು ಬೆಳಗಿನ ಜಾವ ಎತ್ತಿಕೊಂಡು ಬರುವವನಾಗಿದ್ದರೆ ಅವನನ್ನು ಕೇಳಿ ನೋಡಿ: ‘ವರ್ಷಕ್ಕೆ ಎಷ್ಟು ಮೀನು ಬಂತಪ್ಪ?’ ‘ಬಂತು ಸ್ವಾಮಿ, ಒಂದಷ್ಟು’ ಎಂಬುದೇ ಹೆಚ್ಚಾಗಿ ಸಿಗುವ ಉತ್ತರ.

ಹೊಲದ ಲೆಕ್ಕ ಬಾಯಲ್ಲಿರುವಾಗ ನೀರಿನ ಲೆಕ್ಕ ಏಕೆ ಇಲ್ಲ? ಹೊಲ ನಮ್ಮದು, ನೀರು ಎಲ್ಲರದು ಎಂಬ ಭಾವನೆ ಒಂದು ಕಾರಣ. ಬಂದ ಮೀನು ಅಂದಂದೇ ಮಾರಾಟವಾಗಿ, ಬಂದ ಹಣ ಅಂದಂದೇ ಖರ್ಚಾಗುವುದು ಇನ್ನೊಂದು ಕಾರಣ. ತುಂಗಭದ್ರಾ, ನಾರಾಯಣಪುರ, ಕಬಿನಿ, ವಾಣಿವಿಲಾಸ ಸಾಗರಗಳ ಹಿನ್ನೀರಿನ ಹಳ್ಳಿಗಳಲ್ಲಿ ಬೇಸಾಯದ ಜೊತೆಗೆ ಮೀನು ಹಿಡಿದು ಸಂಸಾರ ತೂಗಿಸುವವರಿದ್ದಾರೆ. ಈ ಲೇಖನ ಮುಖ್ಯವಾಗಿ ಅಂಥವರಿಗೆ. ಊರಿನ ಕೆರೆಯನ್ನು ಗುತ್ತಿಗೆ ಹಿಡಿದವರಿಗೂ ಇದರ ಹೆಚ್ಚಿನ ಭಾಗ ಅನ್ವಯಿಸುತ್ತದೆ. ಮುಂಗಾರಿನ ಬಾಗಿಲಲ್ಲಿ ನಿಂತು ಕಳೆದ ಹನ್ನೆರಡು ತಿಂಗಳನ್ನು ಒಮ್ಮೆ ಹಿಂತಿರುಗಿ ನೋಡಿರಿ. ಹಾಗೆ ನೋಡಿದವರಿಗೆ ನೀರು ಕೆಲವು ಮುಖ್ಯ ಸಂಗತಿಗಳನ್ನು ಹೇಳುತ್ತದೆ.

ಹಳೆಯ ದೋಣಿ, ಇಂದಿಗೂ ಸಲ್ಲುವ ದೋಣಿ

ಹರಿಗೋಲು ನಮ್ಮ ನಾಡಿನ ನದಿಗಳಿಗೆ ಹೊಸದಲ್ಲ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿಯ ಜನ ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂರುತ್ತಿದ್ದರೆಂದೂ, ದೋಣಿ ನೇರವಾಗಿ ಸಾಗದೆ ಗಿರಗಿರನೆ ತಿರುಗುತ್ತಿತ್ತೆಂದೂ ಅವನು ಹೇಳುತ್ತಾನೆ. ಆನೆಗೊಂದಿಯ ಬಳಿ ಇಂದಿಗೂ ಅದೇ ಆಕಾರದ ಹರಿಗೋಲನ್ನು ನೀವು ಕಾಣಬಹುದು. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. ಕೆಲವು ಕಡೆ ಬಿದಿರೂ ಹೋಗಿ ಫೈಬರ್ ಬಂದಿದೆ. ಆಕಾರ ಮಾತ್ರ ಬದಲಾಗಿಲ್ಲ.

ಇದರ ಬಂಧುಗಳು ಹೊರದೇಶಗಳಲ್ಲೂ ಇವೆ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಸೀಲ್ ಪ್ರಾಣಿಯ ಚರ್ಮವನ್ನು ಹಂದರಕ್ಕೆ ಹೊದಿಸಿ ಕಯಾಕ್ ಎಂಬ ಕಿರಿದೋಣಿ ಕಟ್ಟಿಕೊಂಡರು. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ನಮ್ಮ ಹರಿಗೋಲನ್ನೇ ಹೋಲುವ ಸಣ್ಣ ದೋಣಿಗಳಿವೆ. ಎರಡು ದೋಣಿಗಳ ನಡುವೆ ಬಲೆ ಹಿಡಿದು, ಹೊಳೆಯ ಹರಿವಿನೊಂದಿಗೆ ಸಾಗುತ್ತ ಮೀನು ಹಿಡಿಯುವುದು ಅಲ್ಲಿಯ ಪದ್ಧತಿ. ಅಲ್ಲಿ ಪರವಾನಗಿಗಳ ಸಂಖ್ಯೆಗೆ ಮಿತಿಯಿದೆ. ಪರವಾನಗಿ ಪಡೆದವನು ಹಿಡಿದ ಮೀನಿನ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸಬೇಕು. ದೋಣಿ ನಮ್ಮಲ್ಲೂ ಇದೆ. ಲೆಕ್ಕ ಇಡುವ ರೂಢಿ ಮಾತ್ರ ನಮ್ಮಲ್ಲಿ ಬೆಳೆದಿಲ್ಲ.

ಹರಿಗೋಲಿನ ಗುಣವೆಂದರೆ ಅದಕ್ಕೆ ಆಳ ಬೇಡ, ಎಣ್ಣೆ ಬೇಡ. ಮುಳುಗಿದ ಮರದ ಬೊಡ್ಡೆಗಳ ನಡುವೆಯೂ ನುಸುಳುತ್ತದೆ. ಒಬ್ಬರು ಹುಟ್ಟು ಹಾಕಿದರೆ ಇನ್ನೊಬ್ಬರು ಬಲೆ ಬಿಡಬಹುದು. ಅನೇಕ ಕಡೆ ಗಂಡ ಹೆಂಡತಿ ಇಬ್ಬರೂ ಸೇರಿ ಈ ಕೆಲಸ ಮಾಡುತ್ತಾರೆ. ಬಂಡವಾಳ ಕಡಿಮೆ ಎಂಬ ಕಾರಣಕ್ಕೇ ಇದು ಬಡವನ ದೋಣಿ. ಬಂಡವಾಳ ಕಡಿಮೆ ಇದ್ದರೂ ಬಲೆಗಳ ಖರ್ಚು ಮಾತ್ರ ಕಡಿಮೆಯಲ್ಲ ಎಂಬುದನ್ನು ಮುಂದೆ ನೋಡೋಣ.

ಮೀನಿನ ವರ್ಷ ಮುಂಗಾರಿನಿಂದ ಮುಂಗಾರಿಗೆ

ಲೆಕ್ಕದ ವರ್ಷವನ್ನು ಜನವರಿಯಿಂದ ಹಿಡಿಯಬೇಡಿ. ಬೇಸಾಯದಂತೆ ಮೀನಿನ ವರ್ಷವೂ ಮಳೆಯಿಂದಲೇ ಆರಂಭ. ಹೊಲದ ನಾಲ್ಕು ಕಾಲಗಳಂತೆ ನೀರಿಗೂ ನಾಲ್ಕು ಕಾಲಗಳಿವೆ.

ಮೊದಲನೆಯದು ಹೊಸ ನೀರಿನ ಕಾಲ. ಮೃಗಶಿರ, ಆರಿದ್ರ ಮಳೆಗಳಿಂದ ಹಿಡಿದು ಮಖಾ ಮಳೆಯವರೆಗೆ ಹೊಳೆಗಳಲ್ಲಿ ಕೆಂಪು ನೀರು ಬರುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮೊಟ್ಟೆಯಿಡುವುದು ಈ ಕಾಲದಲ್ಲೇ. ನಿಂತ ನೀರಿನಲ್ಲಿ ಇವು ತಾವಾಗಿ ಮೊಟ್ಟೆಯಿಡುವುದಿಲ್ಲ. ಹರಿವ ನೀರನ್ನು ಹುಡುಕಿಕೊಂಡು ಹೊಳೆಯ ಮೇಲ್ಭಾಗಕ್ಕೆ ಏರುತ್ತವೆ. ಒಂದು ಕಿಲೋ ತೂಕದ ಹೆಣ್ಣುಮೀನಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಮಿಕ್ಕ ಮೊಟ್ಟೆಗಳಿರುತ್ತವೆ. ಏರುವ ದಾರಿಯಲ್ಲಿ ಬಲೆ ಅಡ್ಡ ಕಟ್ಟಿದರೆ ಈ ದಿನ ಸಲೀಸಾಗಿ ಬುಟ್ಟಿ ತುಂಬುತ್ತದೆ, ನಿಜ. ಅದರೊಂದಿಗೆ ಮುಂದಿನ ವರ್ಷದ ಬುಟ್ಟಿಯೂ ಖಾಲಿಯಾಗುತ್ತದೆ. ಮೊಟ್ಟೆಯಿಡುವ ಕಾಲದಲ್ಲಿ ಮೀನು ಹಿಡಿಯಬಾರದೆಂಬ ನಿಷೇಧ ಇರುವುದು ಈ ಕಾರಣಕ್ಕೇ. ನಿಮ್ಮ ಪರವಾನಗಿಯಲ್ಲಿ ಯಾವ ದಿನಗಳನ್ನು ನಮೂದಿಸಿದ್ದಾರೆಂಬುದನ್ನು ಓದಿಕೊಳ್ಳಿರಿ. ಆ ದಿನಗಳು ಹೇಗೂ ನಿಮಗೆ ಬಿತ್ತನೆಯ ದಿನಗಳು. ಹೊಲಕ್ಕೆ ಹೋಗಿರಿ, ಬಲೆಯನ್ನು ಅಟ್ಟಕ್ಕೇರಿಸಿರಿ.

ಎರಡನೆಯದು ತುಂಬಿದ ನೀರಿನ ಕಾಲ. ಹುಬ್ಬ, ಉತ್ತರಾ ಮಳೆಗಳಿಂದ ಸ್ವಾತಿ ಮಳೆಯವರೆಗೆ ಜಲಾಶಯ ವಿಸ್ತಾರವಾಗಿ ಹರಡಿಕೊಂಡಿರುತ್ತದೆ. ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿಲೋಮೀಟರಿನಷ್ಟು ನೆಲ ನೀರಿನಡಿ ಇರುತ್ತದೆ. ಅಷ್ಟು ನೀರಿನಲ್ಲಿ ಮೀನು ಚದುರಿಹೋಗುವುದರಿಂದ ಬಲೆಗೆ ಬೀಳುವುದು ಕಡಿಮೆ. ಇದರಿಂದ ಎದೆಗುಂದಬೇಕಾಗಿಲ್ಲ. ಬೇಸಿಗೆಯಲ್ಲಿ ಒಣಗಿದ್ದ ನೆಲ ಮುಳುಗಿದಾಗ ಅಲ್ಲಿದ್ದ ಹುಲ್ಲು, ಸೊಪ್ಪು, ಸಗಣಿ ಕೊಳೆತು ನೀರಿಗೆ ಗೊಬ್ಬರವಾಗುತ್ತವೆ. ಮೀನಿಗೆ ಬೇಕಾದ ಸೂಕ್ಷ್ಮ ಜೀವಿಗಳು ಹೇರಳವಾಗಿ ಹುಟ್ಟುತ್ತವೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅನಂತರ 2025ರಲ್ಲಿ. ಹಾಗೆ ದೀರ್ಘಕಾಲ ಒಣಗಿದ್ದ ನೆಲ ಮುಳುಗಿದ ವರ್ಷ ಮೀನಿನ ಬೆಳವಣಿಗೆಗೆ ಒಳ್ಳೆಯ ವರ್ಷ. ಬಲಿತ ಮೀನುಮರಿಗಳನ್ನು ಬಿಡುವುದಕ್ಕೂ ಇದು ತಕ್ಕ ಕಾಲ.

ಮೂರನೆಯದು ಚಳಿಯ ಕಾಲ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನೀರು ತಣ್ಣಗಾಗಿ ಮೀನಿನ ಓಡಾಟ ಮಂದವಾಗುತ್ತದೆ. ಓಡಾಡದ ಮೀನು ನಿಂತ ಬಲೆಗೆ ಬೀಳುವುದು ಕಡಿಮೆ. ಆದರೂ ಬಿದ್ದ ಮೀನು ಬೇಗ ಕೆಡುವುದಿಲ್ಲವಾದ್ದರಿಂದ ದೂರದ ಪೇಟೆಗೆ ಸಾಗಿಸಲು ಅನುಕೂಲ. ಚಳಿ ಕಳೆಯುವ ಹೊತ್ತಿಗೆ ಸಾಮಾನ್ಯ ಗೆಂಡೆ ದಡದ ಜೊಂಡಿನಲ್ಲಿ ಮೊಟ್ಟೆಯಿಡುತ್ತದೆ. ಇದು ನಿಂತ ನೀರಿನಲ್ಲೂ ಮರಿ ಮಾಡುವ ಜಾತಿ. ಮೊಟ್ಟೆಗಳು ಗಿಡದ ಎಲೆಗಳಿಗೆ ಅಂಟಿಕೊಂಡಿರುತ್ತವೆ. ಆ ಜೊಂಡನ್ನು ಕಿತ್ತು ದನಕ್ಕೆ ಹಾಕಿದರೆ ಮೊಟ್ಟೆಯೂ ಹೋಗುತ್ತದೆ.

ನಾಲ್ಕನೆಯದು ಇಳಿದ ನೀರಿನ ಕಾಲ. ಶಿವರಾತ್ರಿ ಕಳೆದ ಮೇಲೆ ಕಾಲುವೆಗೆ ನೀರು ಹೋಗಿ ಹೋಗಿ ಜಲಾಶಯ ಕುಗ್ಗುತ್ತದೆ. ಚದುರಿದ್ದ ಮೀನು ಒಂದೆಡೆ ಸೇರುತ್ತದೆ. ಒಂದು ಬಲೆಗೆ ಹೆಚ್ಚು ಮೀನು ಬೀಳುವ ಕಾಲ ಇದೇ. ಅಪಾಯ ಇರುವುದೂ ಈ ಕಾಲದಲ್ಲೇ. ಮುಂದಿನ ಮುಂಗಾರಿಗೆ ಹೊಳೆ ಏರಬೇಕಾದ ತಾಯಿಮೀನು ಈ ಮಡುಗಳಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಮಡು ಬರಿದು ಮಾಡುವುದೆಂದರೆ ಬಿತ್ತನೆಗೆ ಎತ್ತಿಟ್ಟ ಜೋಳವನ್ನು ಬೀಸಿ ರೊಟ್ಟಿ ಮಾಡಿದಂತೆ.

ಎರಡು ವರ್ಷದ ಲೆಕ್ಕ, ಪಕ್ಕಪಕ್ಕದಲ್ಲಿ

ಈಗ ಮುಖ್ಯ ಮಾತಿಗೆ ಬರೋಣ. ಒಂದು ಉದಾಹರಣೆ ನೋಡಿರಿ. ಅಂಕಿಗಳು ಕೇವಲ ತಿಳಿವಳಿಕೆಗೆ. ನಿಮ್ಮ ಅಂಕಿಗಳನ್ನು ಇದೇ ಜಾಗದಲ್ಲಿ ಹಾಕಿಕೊಳ್ಳಬಹುದು.

ಒಬ್ಬ ಮೀನುಗಾರ ಮೊದಲ ವರ್ಷ 5 ಬಲೆಗಳನ್ನು 200 ರಾತ್ರಿ ಬಿಟ್ಟು 800 ಕಿಲೋ ಮೀನು ಹಿಡಿದನೆಂದು ಇಟ್ಟುಕೊಳ್ಳಿ. ಎರಡನೇ ವರ್ಷ 10 ಬಲೆಗಳನ್ನು ಅದೇ 200 ರಾತ್ರಿ ಬಿಟ್ಟು 1,000 ಕಿಲೋ ಹಿಡಿದ. ಮೇಲುನೋಟಕ್ಕೆ 200 ಕಿಲೋ ಲಾಭ. ಊರಿನಲ್ಲಿ ಯಾರಾದರೂ ಕೇಳಿದರೆ ‘ಈ ವರ್ಷ ಮೀನು ಚೆನ್ನಾಗಿ ಬಂತು’ ಎಂದೇ ಅವನು ಹೇಳುತ್ತಾನೆ.

ಈಗ ಬಲೆಯ ಲೆಕ್ಕ ಹಾಕಿ. ಮೊದಲ ವರ್ಷ ಐದು ಬಲೆ, ಇನ್ನೂರು ರಾತ್ರಿ ಎಂದರೆ 1,000 ಬಲೆ-ರಾತ್ರಿಗಳಾದವು. ಒಂದು ಬಲೆಗೆ ಒಂದು ರಾತ್ರಿಗೆ ಬಂದದ್ದು 800 ಗ್ರಾಂ. ಎರಡನೇ ವರ್ಷ 2,000 ಬಲೆ-ರಾತ್ರಿಗಳು. ಒಂದು ಬಲೆಗೆ ಬಂದದ್ದು 500 ಗ್ರಾಂ ಮಾತ್ರ. ಬಲೆ ಎರಡರಷ್ಟಾಯಿತು, ಮೀನು ಎರಡರಷ್ಟಾಗಲಿಲ್ಲ. ನೀರಿನಲ್ಲಿ ಮೀನು ಕಡಿಮೆಯಾಗುತ್ತಿರಬಹುದೆಂಬುದನ್ನು ಮೊದಲು ಹೇಳುವುದು ಈ ಅಂಕಿ. ಒಟ್ಟು ತೂಕ ಇದನ್ನು ಮರೆಮಾಡುತ್ತದೆ.

ಇನ್ನು ಹಣದ ಲೆಕ್ಕ. ದೊಡ್ಡ ಮೀನಿಗೆ ಕಿಲೋಗೆ 150 ರೂಪಾಯಿ, ಸಣ್ಣದಕ್ಕೆ 60 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲ ವರ್ಷದ 800 ಕಿಲೋದಲ್ಲಿ 600 ಕಿಲೋ ದೊಡ್ಡದು, 200 ಕಿಲೋ ಸಣ್ಣದು. ಬಂದ ಹಣ 90,000 ಮತ್ತು 12,000, ಒಟ್ಟು 1,02,000 ರೂಪಾಯಿ. ಎರಡನೇ ವರ್ಷದ 1,000 ಕಿಲೋದಲ್ಲಿ ದೊಡ್ಡದು 300 ಕಿಲೋ, ಸಣ್ಣದು 700 ಕಿಲೋ. ಬಂದ ಹಣ 45,000 ಮತ್ತು 42,000, ಒಟ್ಟು 87,000 ರೂಪಾಯಿ. ಇನ್ನೂರು ಕಿಲೋ ಹೆಚ್ಚು ಮೀನು ಹಿಡಿದು ಹದಿನೈದು ಸಾವಿರ ರೂಪಾಯಿ ಕಡಿಮೆ ಸಂಪಾದಿಸಿದ. ಅದರ ಮೇಲೆ ಐದು ಹೊಸ ಬಲೆಗಳ ಖರ್ಚು ಬೇರೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಲೆಕ್ಕ ಬರೆಯದವನಿಗೆ ಇದು ಗೊತ್ತಾಗುವುದೇ ಇಲ್ಲ. ಮೈ ಮುರಿದು ದುಡಿದರೂ ಕೈಯಲ್ಲಿ ಕಾಸು ನಿಲ್ಲುತ್ತಿಲ್ಲವೆಂದು ಅವನು ದಲ್ಲಾಳಿಯನ್ನು ಬೈಯುತ್ತಾನೆ, ಹಣೆಬರಹವನ್ನು ಬೈಯುತ್ತಾನೆ. ಇನ್ನೂ ನಾಲ್ಕು ಬಲೆ ಸಾಲಕ್ಕೆ ತರುತ್ತಾನೆ. ಅವನನ್ನು ನೋಡಿ ಪಕ್ಕದವನೂ ತರುತ್ತಾನೆ.

ಬಲೆಯ ಕಣ್ಣು

ಮೀನು ಸಣ್ಣದಾಗುವುದಕ್ಕೆ ಬಲೆಯ ಕಣ್ಣು ಸಣ್ಣದಾಗುವುದೇ ದೊಡ್ಡ ಕಾರಣ. ಕಿವಿರು ಬಲೆಯಲ್ಲಿ ಮೀನಿನ ತಲೆ ತೂರಿ, ಕಿವಿರಿನ ಹಿಂದೆ ದಾರ ಸಿಕ್ಕಿಕೊಳ್ಳುತ್ತದೆ. ಕಣ್ಣಿಗಿಂತ ಬಹಳ ಸಣ್ಣ ಮೀನು ತೂರಿಹೋಗುತ್ತದೆ. ಬಹಳ ದೊಡ್ಡದರ ತಲೆಯೇ ಹೋಗುವುದಿಲ್ಲ. ಆದ್ದರಿಂದ ಎಂಥ ಮೀನು ಹಿಡಿಯಬೇಕೆಂಬುದನ್ನು ನೀವು ಬಲೆ ಕೊಳ್ಳುವಾಗಲೇ ತೀರ್ಮಾನಿಸಿರುತ್ತೀರಿ.

ದೊಡ್ಡ ಮೀನು ಸಿಗುತ್ತಿಲ್ಲವೆಂದು ಮೀನುಗಾರ ಕಣ್ಣು ಕಿರಿದು ಮಾಡುತ್ತಾನೆ. ಆಗ ದೊಡ್ಡದಾಗಬೇಕಿದ್ದ ಮರಿ ಬಲೆಗೆ ಬೀಳುತ್ತದೆ. ಮರು ವರ್ಷ ದೊಡ್ಡದು ಇನ್ನೂ ಕಡಿಮೆ. ಕಣ್ಣು ಮತ್ತಷ್ಟು ಕಿರಿದು. ಒಳ್ಳೆಯ ಮೇವಿರುವ ಕೆರೆಯಲ್ಲಿ ಕಾಟ್ಲಾ ಮರಿ ಒಂದು ವರ್ಷದಲ್ಲಿ ಒಂದು ಕಿಲೋದ ಆಸುಪಾಸಿಗೆ ಬೆಳೆಯಬಲ್ಲದು. ಅದನ್ನು 200 ಗ್ರಾಂ ಇರುವಾಗಲೇ ಹಿಡಿದವನು 800 ಗ್ರಾಂ ಮೀನನ್ನು ನೀರಿನಲ್ಲೇ ಕಳೆದುಕೊಂಡನೆಂದು ಅರ್ಥ. ಆ ಮೀನು ಒಮ್ಮೆಯೂ ಮೊಟ್ಟೆಯಿಡದೆ ಸತ್ತದ್ದು ಎರಡನೇ ನಷ್ಟ. ಹಾಲುದುಂಬದ ಜೋಳದ ತೆನೆಯನ್ನು ಯಾರಾದರೂ ಮುರಿಯುತ್ತಾರೆಯೇ?

ಕಣ್ಣನ್ನು ಅಳೆಯುವ ಕ್ರಮ ಸುಲಭ. ಬಲೆಯನ್ನು ನೀರಿನಲ್ಲಿ ನೆನೆಸಿ, ಸಾಲಾಗಿ ಹತ್ತು ಕಣ್ಣುಗಳನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಮೊದಲ ಗಂಟಿನಿಂದ ಕೊನೆಯ ಗಂಟಿನವರೆಗೆ ಅಳೆದು ಹತ್ತರಿಂದ ಭಾಗಿಸಿರಿ. ಬಂದ ಅಳತೆಯನ್ನು ಪ್ರತಿ ಬಲೆಯ ಲೆಕ್ಕದ ಮುಂದೆ ಬರೆದಿಡಿರಿ. ವರ್ಷದ ಕೊನೆಯಲ್ಲಿ ಯಾವ ಕಣ್ಣಿನ ಬಲೆ ಎಷ್ಟು ತೂಕ ತಂದಿತು ಎಂಬುದಕ್ಕಿಂತ ಎಷ್ಟು ಹಣ ತಂದಿತು ಎಂಬುದನ್ನು ನೋಡಿರಿ.

ತುಂಗಭದ್ರಾ ಜಲಾಶಯದಲ್ಲಿ ಅಲಿವಿ ಎಂಬ ಭಾರಿ ಎಳೆಬಲೆಯ ಬಳಕೆ ಹಿಂದಿನಿಂದಲೂ ಚರ್ಚೆಯ ವಿಷಯ. ಸಣ್ಣ ಕಣ್ಣಿನ ಈ ಬಲೆಯನ್ನು ದಡಕ್ಕೆ ಎಳೆಯುವಾಗ ಸಣ್ಣ ಜಾತಿಯ ಮೀನುಗಳ ಜೊತೆಗೆ ದೊಡ್ಡ ಜಾತಿಯ ಮರಿಗಳೂ ಬರುತ್ತವೆ. ಸಣ್ಣ ಮೀನು ಹಿಡಿಯುವುದು ತಪ್ಪಲ್ಲ. ಸಣ್ಣ ಜಾತಿಗಳು ಇರುವುದೇ ಅಷ್ಟುದ್ದ, ಅವು ಬಡವರ ಊಟ. ದೊಡ್ಡದಾಗುವ ಜಾತಿಯ ಮರಿಯನ್ನು ಹಿಡಿಯುವುದು ತಪ್ಪು. ಈ ಎರಡರ ವ್ಯತ್ಯಾಸವನ್ನು ಅನುಭವಿ ಮೀನುಗಾರ ಬಲ್ಲ.

ಮೀನುಮರಿ ಬಿಟ್ಟರೆ ಸಾಕೇ?

‘ಇಲಾಖೆಯವರು ಮರಿ ಬಿಡುತ್ತಾರಲ್ಲ, ನಮಗೇನು ಚಿಂತೆ?’ ಎಂದು ಕೆಲವರು ಕೇಳುವುದುಂಟು. ಮರಿ ಬಿಡುವುದು ಇಂದು ಸಾಧ್ಯವಾಗಿರುವುದು ಹೀರಾಲಾಲ್ ಚೌಧರಿ ಅವರ ಕೆಲಸದಿಂದ. 1957ರ ಜುಲೈ 10ರಂದು ಅವರು ಒಡಿಶಾದಲ್ಲಿ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಹೊಳೆಯಲ್ಲಿ ಮಾತ್ರ ಮೊಟ್ಟೆಯಿಡುತ್ತಿದ್ದ ನಮ್ಮ ಗೆಂಡೆ ಜಾತಿಗಳನ್ನು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುವುದು ಆ ನೆನಪಿಗಾಗಿ. ಅದಕ್ಕೆ ಮೊದಲು ಮೀನುಮರಿ ಬೇಕೆಂದರೆ ಹೊಳೆಯಲ್ಲಿ ಹಿಡಿದು ತರಬೇಕಾಗಿತ್ತು.

ಆದರೆ ಮರಿ ಬಿಡುವುದು ಬಿತ್ತನೆ ಮಾತ್ರ, ಬೆಳೆ ಕಾಯುವುದು ಬೇರೆ. ಜಲಾಶಯಕ್ಕೆ ಬಿಡುವ ಮರಿ ನಾಲ್ಕು ಅಂಗುಲದಷ್ಟಾದರೂ ಬಲಿತಿರಬೇಕು. ಅದಕ್ಕಿಂತ ಸಣ್ಣ ಮರಿ ಬಾಳೆ, ಕೊರವ ಮುಂತಾದ ಬೇಟೆಮೀನುಗಳ ಬಾಯಿಗೆ ಹೋಗುತ್ತದೆ. ಮರಿ ಬಿಡುವ ದಿನ ನಿಮ್ಮ ಸಂಘದವರು ದಡದಲ್ಲಿ ನಿಂತು ಅದರ ಉದ್ದ ನೋಡಿರಿ, ಎಣಿಕೆ ನೋಡಿರಿ, ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ವರ್ಷ ಎಷ್ಟು ಸಿಕ್ಕಿತೆಂದು ಹೋಲಿಸಲು ಇದು ಬೇಕು. ಮರಿ ತಂದ ಚೀಲವನ್ನು ಒಮ್ಮೆಲೇ ನೀರಿಗೆ ಸುರಿಯಬಾರದು. ಚೀಲವನ್ನು ಸ್ವಲ್ಪ ಹೊತ್ತು ನೀರಿನಲ್ಲಿ ತೇಲಲು ಬಿಟ್ಟು, ಒಳಗಿನ ಮತ್ತು ಹೊರಗಿನ ಶಾಖ ಸಮವಾದ ಮೇಲೆ ಬಾಯಿ ಬಿಚ್ಚಬೇಕು.

ಯಾರೋ ಕೊಟ್ಟರೆಂದು ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಕೆರೆಗೆ ಬಿಡಲೇಬೇಡಿ. ಅದರ ಸಾಕಣೆಗೆ ನಿಷೇಧವಿದೆ. ಸಿಕ್ಕಿದ್ದನ್ನೆಲ್ಲ ತಿಂದು ನಮ್ಮ ಜಾತಿಗಳನ್ನು ಮುಗಿಸುವ ಮೀನು ಅದು.

ಲೆಕ್ಕದ ಪುಸ್ತಕ ಹೇಗಿರಬೇಕು?

ದೊಡ್ಡ ಪುಸ್ತಕ ಬೇಡ. ಮಗ ಅಥವಾ ಮಗಳು ಶಾಲೆಯಲ್ಲಿ ಬರೆದು ಉಳಿದ ಹಾಳೆಗಳಿದ್ದರೂ ಸಾಕು. ಗೆರೆ ಎಳೆದು ಈ ಕೆಳಗಿನವನ್ನು ದಿನವೂ ಬರೆಯಿಸಿರಿ:

1. ತಾರೀಖು, ತಿಥಿ. ಬೆಳದಿಂಗಳಲ್ಲಿ ಬಲೆ ಮೀನಿಗೆ ಕಾಣುತ್ತದೆ. ಕತ್ತಲೆ ದಿನಗಳಲ್ಲಿ ಹೆಚ್ಚು ಬೀಳುತ್ತದೆ. ನಿಮ್ಮ ನೀರಿನಲ್ಲಿ ಎಷ್ಟು ವ್ಯತ್ಯಾಸವೆಂಬುದು ಬರೆದರೆ ತಿಳಿಯುತ್ತದೆ.

2. ಎಷ್ಟು ಬಲೆ ಬಿಟ್ಟಿರಿ, ಯಾವ ಕಣ್ಣಿನವು, ಎಲ್ಲಿ ಬಿಟ್ಟಿರಿ.

3. ಜಾತಿವಾರು ತೂಕ ಮತ್ತು ಎಣಿಕೆ. ಎಣಿಕೆ ಬಹಳ ಮುಖ್ಯ. 10 ಕಿಲೋ ಮೀನು ಐದು ಬಂದದ್ದೋ, ಐವತ್ತು ಬಂದದ್ದೋ ಎಂಬುದರಲ್ಲೇ ನೀರಿನ ಆರೋಗ್ಯ ಇದೆ. ಐದಾದರೆ ಒಂದರ ತೂಕ ಎರಡು ಕಿಲೋ, ಐವತ್ತಾದರೆ 200 ಗ್ರಾಂ.

4. ಮಾರಿದ ದರ, ಬಂದ ಹಣ, ಮನೆಗೆ ಇಟ್ಟುಕೊಂಡದ್ದು. ಮನೆಯವರು ತಿಂದ ಮೀನಿಗೂ ಬೆಲೆಯಿದೆ, ಅದನ್ನೂ ಬರೆಯಿರಿ.

5. ಖರ್ಚು: ಮಂಜುಗಡ್ಡೆ, ಸಾಗಾಣಿಕೆ, ಬಲೆ ದುರಸ್ತಿ, ಹರಿಗೋಲಿಗೆ ಬಳಿದ ಡಾಂಬರು, ಪರವಾನಗಿ ಶುಲ್ಕ.

6. ಬರಿಗೈಲಿ ಬಂದ ದಿನ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಬರಿಗೈ ದಿನಗಳನ್ನು ಬರೆಯದಿದ್ದರೆ ಲೆಕ್ಕ ಸುಳ್ಳು ಹೇಳುತ್ತದೆ.

ತಿಂಗಳಿಗೊಮ್ಮೆ ಕೂಡಿಸಿರಿ. ಬಲೆ-ರಾತ್ರಿಗೆ ಎಷ್ಟು ಗ್ರಾಂ, ಒಂದು ಮೀನಿನ ಸರಾಸರಿ ತೂಕ ಎಷ್ಟು, ಖರ್ಚು ಕಳೆದು ಉಳಿದದ್ದೆಷ್ಟು, ಈ ಮೂರು ಅಂಕಿಗಳು ಸಾಕು. ವರ್ಷದ ಕೊನೆಗೆ ಹನ್ನೆರಡು ಸಾಲು. ಮರು ವರ್ಷ ಅದರ ಪಕ್ಕದಲ್ಲಿ ಮತ್ತೆ ಹನ್ನೆರಡು ಸಾಲು. ಮೀನು ಸಾಕುವವರಿಗೂ ಹಿಡಿಯುವವರಿಗೂ 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯ ವಿಸ್ತರಿಸಲಾಗಿದೆ. ಬ್ಯಾಂಕಿನವರ ಮುಂದೆ ಕುಳಿತಾಗ ಇಂಥ ಪುಸ್ತಕ ನಿಮ್ಮ ಮಾತಿಗೆ ತೂಕ ಕೊಡುತ್ತದೆ.

ಲೆಕ್ಕ ತಿಳಿಸುವ ಇನ್ನೊಂದು ಸಂಗತಿಯೆಂದರೆ ಕೆಟ್ಟುಹೋದ ಮೀನು. ಬೇಸಿಗೆಯಲ್ಲಿ ಬಲೆಯಲ್ಲೇ ಸತ್ತು ಹೊತ್ತಾದ ಮೀನು ಪೇಟೆಗೆ ಹೋಗುವಷ್ಟರಲ್ಲಿ ಬೆಲೆ ಕಳೆದುಕೊಂಡಿರುತ್ತದೆ. ಬಿಸಿಲೇರುವ ಮೊದಲೇ ಬಲೆ ಎತ್ತಿರಿ. ಬೇಸಿಗೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಮಂಜುಗಡ್ಡೆ ಎಂಬ ಲೆಕ್ಕದಲ್ಲಿ ಒಂದು ಪದರ ಮಂಜು, ಒಂದು ಪದರ ಮೀನು ಹಾಕಿರಿ. ಕರಗಿದ ನೀರು ಹೊರಗೆ ಹೋಗಲು ಡಬ್ಬಿಯ ತಳದಲ್ಲಿ ತೂತಿರಲಿ. ಹಿಡಿದ ಮೀನನ್ನು ಕೆಡಿಸದಿರುವುದೂ ಹೆಚ್ಚು ಹಿಡಿದಂತೆಯೇ.

ಒಬ್ಬನಿಂದ ಆಗದ ಕೆಲಸ

‘ನಾನೊಬ್ಬ ದೊಡ್ಡ ಕಣ್ಣಿನ ಬಲೆ ಹಾಕಿದರೆ, ನಾನು ಬಿಟ್ಟ ಮೀನನ್ನು ಪಕ್ಕದವನು ಹಿಡಿಯುತ್ತಾನೆ’ ಎಂಬ ಮಾತಿನಲ್ಲಿ ಸತ್ಯವಿದೆ. ಹೊಲಕ್ಕೆ ಬದು ಇದೆ, ನೀರಿಗೆ ಬದುವಿಲ್ಲ. ಆದ್ದರಿಂದ ಈ ಕೆಲಸ ಊರಿನದು, ಸಂಘದ್ದು. ಮೀನುಗಾರರ ಸಹಕಾರ ಸಂಘದ ಸಭೆಯಲ್ಲಿ ಮೂರು ನಿರ್ಣಯಗಳಾದರೂ ಆಗಲಿ. ಒಂದು, ಇಂತಿಷ್ಟಕ್ಕಿಂತ ಸಣ್ಣ ಕಣ್ಣಿನ ಬಲೆಯನ್ನು ದೊಡ್ಡ ಜಾತಿಯ ಮೀನಿಗೆ ಬಿಡಬಾರದು. ಎರಡು, ನಿಷೇಧದ ದಿನಗಳಲ್ಲಿ ಯಾರ ಹರಿಗೋಲೂ ಬಲೆ ಹೊತ್ತು ನೀರಿಗಿಳಿಯಬಾರದು. ಮೂರು, ಬೇಸಿಗೆಯಲ್ಲಿ ಒಂದು ಆಳದ ಮಡುವನ್ನು ತಾಯಿಮೀನಿಗೆಂದು ಬಿಟ್ಟುಕೊಡಬೇಕು.

ಮೂರನೆಯದು ನಮ್ಮ ನಾಡಿಗೆ ಹೊಸ ಮಾತಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನನ್ನು, ರಾಮನಾಥಪುರದಲ್ಲಿ ಕಾವೇರಿಯ ಮೀನನ್ನು, ಶಿಶಿಲದಲ್ಲಿ ಕಪಿಲೆಯ ಮೀನನ್ನು ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ಹಿರಿಯರು ಭಕ್ತಿಯಿಂದ ಮಾಡಿದ್ದನ್ನು ನಾವು ಲೆಕ್ಕಾಚಾರದಿಂದಾದರೂ ಮಾಡಬಹುದು.

ವಿಷ ಬೆರೆಸಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವವರ ವಿಷಯದಲ್ಲಿ ದಾಕ್ಷಿಣ್ಯ ಬೇಡ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮದಂತೆ ಅದು ಅಪರಾಧ. ಹಾಗೆಯೇ ಬೆಳೆಗೆ ಔಷಧಿ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆಯುವ ರೈತನೂ ಒಮ್ಮೆ ಯೋಚಿಸಬೇಕು. ಅವನ ಹೊಲದ ಹುಳುವಿಗೆ ವಿಷವಾದದ್ದು ಮೀನುಮರಿಗೆ ಅಮೃತವಾಗಲಾರದು.

ಎಲ್ಲ ಇಳಿಕೆಗೂ ಬಲೆಯೇ ಕಾರಣವಲ್ಲ ಎಂಬುದೂ ನಿಜ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಮಳೆ ಕೈಕೊಟ್ಟ ವರ್ಷ ಮೀನೂ ಕೈಕೊಡುತ್ತದೆ. ಎರಡು ಮೂರು ವರ್ಷದ ಲೆಕ್ಕ ಪಕ್ಕಪಕ್ಕದಲ್ಲಿದ್ದರೆ ಯಾವುದು ಮಳೆಯಿಂದ ಆದದ್ದು, ಯಾವುದು ನಮ್ಮ ಕೈಯಿಂದ ಆದದ್ದು ಎಂಬುದನ್ನು ಬೇರ್ಪಡಿಸಬಹುದು. ಅಧಿಕಾರಿಗಳ ಮುಂದೆ ಅಹವಾಲು ಹೇಳುವಾಗಲೂ ‘ಮೀನಿಲ್ಲ ಸ್ವಾಮಿ’ ಎಂಬ ಮಾತಿಗಿಂತ ಇಪ್ಪತ್ತು ಮನೆಗಳ ಲೆಕ್ಕದ ಪುಸ್ತಕ ಹೆಚ್ಚು ಕೆಲಸ ಮಾಡುತ್ತದೆ.

ಜೀವವಿದ್ದರೆ ಬಲೆ

ವರ್ಷದ ಲೆಕ್ಕದಲ್ಲಿ ಬರೆಯಲಾಗದ ನಷ್ಟವೊಂದಿದೆ. ಹರಿಗೋಲು ಮಗುಚಿ ಹೋಗುವ ಜೀವ. ಆಷಾಢದ ಗಾಳಿಗೆ ವಿಶಾಲವಾದ ಜಲಾಶಯದಲ್ಲಿ ಸಮುದ್ರದಂತೆ ಅಲೆ ಏಳುತ್ತದೆ. ತಳ ಚಪ್ಪಟೆಯಾದ ದುಂಡು ದೋಣಿ ತಡೆಯಲಾರದು. ಗಾಳಿ ಜೋರಾದ ದಿನ ದಡದಲ್ಲೇ ಇರಿ. ಬಲೆ ಎತ್ತುವಾಗ ಇಬ್ಬರೂ ಒಂದೇ ಅಂಚಿಗೆ ಬಾಗಬೇಡಿ. ಜೀವರಕ್ಷಕ ಅಂಗಿ ಇಲ್ಲದವರು ಗಾಳಿ ತುಂಬಿದ ಟ್ಯೂಬನ್ನಾದರೂ ಹಗ್ಗದಿಂದ ಹರಿಗೋಲಿಗೆ ಕಟ್ಟಿಕೊಳ್ಳಿರಿ. ಹಳೆಯ ಪ್ಲಾಸ್ಟಿಕ್ ಹಾಳೆಯನ್ನು ಇನ್ನೊಂದು ವರ್ಷ ತಳ್ಳೋಣ ಎನ್ನಬೇಡಿ.

ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಮೀನು ಹಿಡಿಯುವವರಿಗೆ ಇನ್ನೊಂದು ಎಚ್ಚರಿಕೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ನೆನಪಿರಬೇಕು. ನೀರು ಯಾವ ಹೊತ್ತಿಗೆ ಏರುವುದೆಂದು ಹೊಳೆ ಹೇಳಿ ಬರುವುದಿಲ್ಲ. ನೀರು ಬಿಡುವ ಮುನ್ಸೂಚನೆ ಬಂದ ಮೇಲೆ ಬಲೆಯ ಆಸೆಗೆ ನೀರಿಗಿಳಿಯುವುದು ಸಲ್ಲದು. ಸಂಘದ ಸದಸ್ಯರಾಗಿ ಹೆಸರು ನೋಂದಾಯಿಸಿಕೊಂಡು, ಮೀನುಗಾರರಿಗಿರುವ ಅಪಘಾತ ವಿಮೆಯ ವಿಚಾರವನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿರಿ.

ರೈತ ಬಾಂಧವರೇ, ಈ ಮುಂಗಾರಿಗೆ ಬಲೆಗಳನ್ನು ಅಟ್ಟಕ್ಕೇರಿಸುವ ಮುನ್ನ ಒಂದೊಂದರ ಕಣ್ಣನ್ನೂ ಅಳೆಯಿರಿ. ಕಳೆದ ವರ್ಷದ್ದು ನೆನಪಿದ್ದಷ್ಟನ್ನು ಮನೆಯವರೊಂದಿಗೆ ಕುಳಿತು ಬರೆದಿಡಿರಿ. ಎಷ್ಟೋ ಸಂಗತಿಗಳು ಮನೆಯಾಕೆಯ ನೆನಪಿನಲ್ಲಿ ಇರುತ್ತವೆ. ನಿಷೇಧ ಮುಗಿದು ಮೊದಲ ಸಲ ಹರಿಗೋಲು ನೀರಿಗೆ ಇಳಿಸಿದ ದಿನದಿಂದ ಹೊಸ ಪುಸ್ತಕ ತೆರೆಯಿರಿ. ವಾಚನಾಲಯದಲ್ಲಿ ಈ ಪುಟವನ್ನು ಓದಿದವರು ಓದಲು ಬಾರದ ನೆರೆಯವರಿಗೂ ಬಲೆ-ರಾತ್ರಿಯ ಲೆಕ್ಕವನ್ನು ಬಾಯಲ್ಲಿ ಹೇಳಿಕೊಡಿರಿ. ಅದು ಐದು ನಿಮಿಷದ ಕೆಲಸ.